ಮಂಜುಗಲ್ಲಿನ ರಕ್ಕಸಿ ಕೇಳಿದ ಮೂರು ಹೆಸರು

"ಕೇಳ್ರಪ್ಪೋ ಕೇಳ್ರಿ! ಮಂಜುಗಲ್ಲು ಬೆಟ್ಟದ ರಕ್ಕಸಿ ನಮ್ಮ ಎಳೆಹೊಳೆಯನ್ನು ತಡೆದು ನಿಲ್ಲಿಸಿದ್ದಾಳೆ. ಅವಳ ಮೂರು ಒಗಟು ಬಿಡಿಸಿ ನೀರು ತಂದವರಿಗೆ ಅರಸರು ಬೇಡಿದ್ದನ್ನು ಕೊಡುತ್ತಾರೆ. ತಪ್ಪು ಹೇಳಿದವರು ಅಲ್ಲೇ ಕಲ್ಲಾಗುತ್ತಾರೆ. ಎದೆಯಿದ್ದವರು ಹೋಗಬಹುದು!"

ಕೊಂಗಲಾಪುರದ ಬೀದಿಗಳಲ್ಲಿ ಡಂಗುರ ಹೀಗೆ ಸಾರುತ್ತ ಹೋದಾಗ ದೇವೀರಿ ಒಣಗಿದ ಕೆರೆಯಂಗಳದಲ್ಲಿ ನಿಂತಿದ್ದಳು. ಅವಳೂ ಅವಳಣ್ಣ ಜವರನೂ ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುವವರು. ಹಿಂದಿನ ಸಲ ಡಂಗುರ ಕೇಳಿ ಜವರ ಬೆಟ್ಟ ಹತ್ತಿದ್ದ. ತಿರುಗಿ ಬಂದಿರಲಿಲ್ಲ.

"ನೀನೂ ಹೋದರೆ ಮನೇಲಿ ದೀಪ ಹಚ್ಚೋರು ಯಾರೇ?" ಎಂದಳು ಪಕ್ಕದ ಮನೆಯ ಸಾಕವ್ವ.

"ಅಣ್ಣನ್ನ ಅಲ್ಲಿ ಕಲ್ಲಾಗಿ ಬಿಟ್ಟು, ಇಲ್ಲಿ ದೀಪ ಹಚ್ಚಿ ಏನು ಮಾಡಲಿ ಅತ್ತೆ?" ಎಂದು ದೇವೀರಿ ಸೆರಗು ಬಿಗಿದು ಹೊರಟೇಬಿಟ್ಟಳು.

ದಾರಿಯಲ್ಲಿ ಇಬ್ಬರು ಜೊತೆಯಾದರು. ಒಬ್ಬ ನೆರೆರಾಜ್ಯದ ಯುವರಾಜ, ಇನ್ನೊಬ್ಬ ದೇಶದೇಶ ತಿರುಗಿದ ವ್ಯಾಪಾರಿ ಪದುಮಶೆಟ್ಟಿ. ಮೂವರೂ ಬೆಟ್ಟದ ನೆತ್ತಿಯ ಗವಿ ಮುಟ್ಟಿದರು. ಬಾಗಿಲಲ್ಲಿ ಮನುಷ್ಯರ ಆಕಾರದ ಕಲ್ಲುಗಳು ನಿಂತಿದ್ದವು. ಒಂದರ ಮುಖ ಜವರನದು. ದೇವೀರಿ ಅದರ ಹೆಗಲು ಮುಟ್ಟಿ ನೋಡಿದಳು, ಕೊರೆಯುವಷ್ಟು ತಣ್ಣಗಿತ್ತು. ಅಳು ತಡೆದುಕೊಂಡಳು.

ಗವಿಯೊಳಗಿಂದ ರಕ್ಕಸಿ ಬಂದಳು. "ಹೆಸರನ್ನು ನಾನೇ ಕೊಡುತ್ತೇನೆ. ಆ ಹೆಸರು ಯಾರದು, ಯಾಕೆ ಬಂತು, ಎರಡನ್ನೂ ಹೇಳಬೇಕು. ಒಬ್ಬರು ಸೋತರೆ ಮುಂದಿನವರ ಸರದಿ. ಮೊದಲನೆಯ ಹೆಸರು ಪಾದಪ. ಅದು ನಿಂತಲ್ಲೇ ನಿಂತು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಒಲೆ ಬೇಡ, ಸೌದೆ ಬೇಡ, ಬಿಸಿಲಿದ್ದರೆ ಸಾಕು. ಅದು ಅಡುಗೆ ನಿಲ್ಲಿಸಿದರೆ ಲೋಕಕ್ಕೆಲ್ಲ ಉಪವಾಸ."

ಯುವರಾಜ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ಪಾದಪವೇ? ಪಾದಕ್ಕೆ ಹಾಕುವ ಪಾದುಕೆ!" ಎಂದ. ಮಾತು ಮುಗಿಯುವುದರೊಳಗೆ ಕಾಲಿನಿಂದ ಕಿರೀಟದವರೆಗೆ ಕಲ್ಲಾದ.

ಪದುಮಶೆಟ್ಟಿ ಬೆವರಿ ಹಿಂದೆ ಸರಿದ. "ನೀನೇ ಹೇಳಮ್ಮ, ಮೊದಲು ನೀನು."

ದೇವೀರಿ ಆ ಹೆಸರನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಪುರಾಣ ಓದುವವರು ದುಂಬಿಯನ್ನು ಮಧುಪ ಅನ್ನುವುದನ್ನು ಕೇಳಿದ್ದಳು. ಮಧು ಕುಡಿಯುವುದು ಮಧುಪ. ಹಾಗಾದರೆ...

"ಪ ಅಂದರೆ ಕುಡಿಯೋದು. ಪಾದದಿಂದ ಕುಡಿಯೋದು ಪಾದಪ. ಅದು ಮರ ಅವ್ವ. ಬೇರೇ ಅದರ ಪಾದ. ಬೇರಿಂದ ನೀರು ಕುಡಿದು, ಬಿಸಿಲಲ್ಲಿ ಎಲೆಯೊಳಗೆ ಅಡುಗೆ ಮಾಡ್ಕೊಳ್ತದೆ. ಆ ಊಟವನ್ನೇ ಹುಳ, ಹಸು, ನಾವು, ಎಲ್ಲರೂ ಹಂಚ್ಕೊಂಡು ತಿಂತೀವಿ."

ರಕ್ಕಸಿ ಹೌದೆಂದು ತಲೆಯಾಡಿಸಿದಳು. "ಎರಡನೆಯದು ಉಭಯವಾಸಿ. ಹುಟ್ಟಿದಾಗ ಬಾಲ, ಬೆಳೆದಾಗ ಕಾಲು. ಒಂದು ಮನೆ ಕೆಟ್ಟರೂ ಅದರ ವಂಶ ಉಳಿಯುವುದಿಲ್ಲ. ಶೆಟ್ಟಿ, ಈಗ ನೀನು."

ಹಿಂದೆ ಸರಿಯಲು ಜಾಗವಿರಲಿಲ್ಲ. "ಉಭಯ ಅಂದರೆ ಎರಡೂ, ವಾಸಿ ಅಂದರೆ ವಾಸ ಮಾಡುವವನು. ಅಷ್ಟು ಗೊತ್ತು," ಎಂದು ಶೆಟ್ಟಿ ತಡವರಿಸಿದ. ಮುಂದಿನದು ಹೊಳೆಯದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟ. "ಇಬ್ಬರು ಹೆಂಡಿರ ಗಂಡ!" ಅವನೂ ಕಲ್ಲಾದ.

"ಶೆಟ್ಟರು ಅರ್ಧ ಸರಿಯಾಗೇ ಹೇಳಿದ್ರು," ಎಂದಳು ದೇವೀರಿ. "ಎರಡೂ ಕಡೆ ಇರೋದು ಕಪ್ಪೆ. ಗೊದಮೊಟ್ಟೆಯಾಗಿ ನೀರಲ್ಲಿ ಬಾಲ ಆಡಿಸ್ಕೊಂಡು ಬೆಳೀತದೆ, ಕಾಲು ಬಂದ ಮೇಲೆ ನೆಲ ಹತ್ತುತ್ತದೆ. ಕೆರೆ ಒಣಗಿದ ಮೇಲೆ ನಮ್ಮೂರಲ್ಲಿ ಒಂದು ಕಪ್ಪೆಯೂ ವಟಗುಟ್ಟಲಿಲ್ಲ ಅವ್ವ."

ರಕ್ಕಸಿಯ ಹುಬ್ಬು ಗಂಟಿಕ್ಕಿತು. "ಮೂರನೆಯದು ವಿಘಟಕ. ಅರಸನೂ ಅದರ ಊಟ, ಆನೆಯೂ ಅದರ ಊಟ. ಆದರೂ ಅದು ಬೇಟೆಯಾಡುವುದಿಲ್ಲ. ಅದು ಕೆಲಸ ಬಿಟ್ಟರೆ ಕಾಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿನ್ನ ಅಣ್ಣ ಇಲ್ಲಿಯವರೆಗೂ ಬಂದಿದ್ದ. ಬೆಂಕಿ ಅಂದ, ಸೋತ."

ದೇವೀರಿ ಅಣ್ಣನ ಕಲ್ಲಿನತ್ತ ತಿರುಗಿದಳು. ಅಣ್ಣ ಸೋತ ಕಡೆ ತಾನು ಗೆಲ್ಲುವುದು ಹೇಗೆ? ಸಂಘಟಕ ಅನ್ನುವ ಮಾತು ಅವಳಿಗೆ ಗೊತ್ತಿತ್ತು. ಜನರನ್ನು ಕೂಡಿಸುವವನನ್ನು ಹಾಗೆ ಅನ್ನುತ್ತಾರೆ. ಆದರೆ ವಿ? ಅಣ್ಣನ ಕಲ್ಲಿನ ಮುಖ ನೋಡುತ್ತಿದ್ದಂತೆ ಇನ್ನೊಂದು ಮಾತು ನೆನಪಾಯಿತು: ವಿಯೋಗ. ಯೋಗ ಕೂಡಿಸುತ್ತದೆ, ವಿಯೋಗ ಅಗಲಿಸುತ್ತದೆ.

ಬಿಡಿಸುವುದು. ಕೂಡಿದ್ದನ್ನು ಬಿಡಿಬಿಡಿ ಮಾಡುವುದು. ಬೇಟೆಯಾಡದೆ ಆನೆಯನ್ನು ಬಿಡಿಸುವುದು ಯಾವುದು?

ಅವಳು ಕೂತು ಅಣ್ಣನ ಕಾಲ ಬುಡದ ತರಗೆಲೆಯನ್ನು ಕೈಯಿಂದ ಸರಿಸಿದಳು. ಮೇಲೆ ಇಡೀ ಎಲೆ. ಅದರಡಿ ತೂತುಬಿದ್ದ ಎಲೆ. ಇನ್ನೂ ಕೆಳಗೆ ಬರೀ ನರಗಳ ಜಾಲರಿ. ಕೊನೆಗೆ ಕಪ್ಪನೆಯ ಘಮಘಮಿಸುವ ಮಣ್ಣು. ಅದರಲ್ಲಿ ಎರೆಹುಳ ಹೊರಳುತ್ತಿತ್ತು, ಬಿಳಿ ನೂಲಿನಂತೆ ಅಣಬೆಯ ಬೂಷ್ಟು ಹಬ್ಬಿತ್ತು.

"ಇವರೇ!" ಎಂದು ದೇವೀರಿ ಮಣ್ಣು ತುಂಬಿದ ಬೊಗಸೆ ಎತ್ತಿದಳು. "ಅಣಬೆ, ಎರೆಹುಳ, ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಬಿದ್ದದ್ದನ್ನ, ಸತ್ತದ್ದನ್ನ ಬಿಡಿಸಿ ಮಣ್ಣಿಗೆ ಕೊಡ್ತಾರೆ. ಅದಕ್ಕೇ ವಿಘಟಕ. ಬೆಂಕಿ ಸುಟ್ಟು ಹೋಗ್ತದೆ, ಇವರು ಉಳಿಸಿ ಕೊಡ್ತಾರೆ. ಪಾದಪ ಕುಡಿಯೋ ನೀರಿನ ಸಾರ ಇವರು ಮಾಡಿಟ್ಟದ್ದು ಅವ್ವ!"

ರಕ್ಕಸಿ ಆ ಬೊಗಸೆಯ ಮಣ್ಣು ಮುಟ್ಟಿ ಸರಿಯೆಂದಳು. "ನಿಮ್ಮರಸ ಹೊಸ ಅರಮನೆಗೆಂದು ನನ್ನ ಬೆಟ್ಟಕ್ಕೆ ಕೊಡಲಿ ಕಳಿಸಿದ. ಅದಕ್ಕೇ ಹೊಳೆ ತಡೆದೆ. ಕೊಡಲಿ ನಿಲ್ಲಿಸುತ್ತೀಯಾ?"

"ಬೇಡಿದ್ದು ಕೊಡ್ತೀನಿ ಅಂತ ಅರಸರ ಮಾತಿದೆ. ಅದನ್ನೇ ಬೇಡ್ತೀನಿ."

ರಕ್ಕಸಿ ಕೈಯೆತ್ತಿದಳು. ಕಲ್ಲುಗಳು ಉಸಿರೆಳೆದುಕೊಂಡವು. ಜವರ ಕಣ್ಣುಜ್ಜಿಕೊಂಡು, "ದೇವೀ, ನೀನ್ಯಾಕೆ ಬಂದೆ?" ಅಂದ. ಅದುವರೆಗೆ ತಡೆದಿದ್ದ ಅಳು ಆಗ ಬಂತು. ಇಬ್ಬರೂ ಇಳಿಯುವಾಗ ಎಳೆಹೊಳೆ ಅವರಿಗಿಂತ ಮೊದಲೇ ಊರು ಸೇರಿತ್ತು.

ಆಸ್ಥಾನದಲ್ಲಿ ಅರಸ ಕೇಳಿದ, "ಏನು ಬೇಕಮ್ಮ? ಬಂಗಾರವೋ, ಊರೋ?"

"ಮಂಜುಗಲ್ಲಿಗೆ ಇನ್ನು ಕೊಡಲಿ ಹೋಗಬಾರದು ಬುದ್ಧಿ."

ಅರಸನ ಮುಖ ಇಳಿಯಿತು. ಅರಮನೆ ಅರ್ಧ ಎದ್ದಿತ್ತು. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ಹೊರಗೆ ಹೆಂಗಸರು ಕೊಡ ತುಂಬಿಸುವ ಸದ್ದು ಕೇಳುತ್ತಿತ್ತು. "ಆಗಲಿ," ಎಂದ ಕೊನೆಗೆ. "ಆ ಬೆಟ್ಟ ಕಾಯುವ ಅಧಿಕಾರವೂ ನಿನ್ನದೇ. ಕೆರೆ, ಅದರ ದಂಡೆಯ ಹೊಲ ನಿಮ್ಮ ಮನೆಗೆ."

ಆ ಮಳೆಗಾಲ ಅರ್ಧ ಎದ್ದ ಅರಮನೆಯ ಗೋಡೆಯ ಸಂದಿಯಲ್ಲಿ ಒಂದು ಆಲದ ಸಸಿ ಚಿಗುರಿತು. ಕಿತ್ತು ಹಾಕೋಣವೇ ಎಂದು ಆಳುಗಳು ಅರಸನನ್ನು ಕೇಳಿದರು. "ದೇವೀರಿಯನ್ನು ಕೇಳಿ," ಎಂದ ಅರಸ.