ಹಿಮದ ಕೆಳಗೆ ಹದಿನಾಲ್ಕು ನಿಮಿಷ

ಲಗಮಣ್ಣ ಮಾಸ್ತರ್ ಗೋಕಾಕದ ಕಡೆಯವರು. ಸೈನ್ಯದಲ್ಲಿದ್ದಾಗ ಹಿಮಾಲಯದಲ್ಲಿ ಸ್ಕೀ ಕಲಿತರು, ಆಮೇಲೆ ಕಲಿಸಿದರು. ನಿವೃತ್ತರಾದ ಮೇಲೂ ಊರಿಗೆ ಹೋಗದೆ ಅಲ್ಲೇ ಉಳಿದರು.

ರಸ್ತೆಯಿಲ್ಲದ ಒಂದು ಕಣಿವೆಯಲ್ಲಿ ಮರದ ತಂಗುಮನೆ. ಅಲ್ಲಿಗೆ ಬಂದವರನ್ನು ಹೆಲಿಕಾಪ್ಟರ್ ಬೆಳಿಗ್ಗೆ ಶಿಖರದ ಮೇಲೆ ಇಳಿಸುತ್ತದೆ. ಅಲ್ಲಿಂದ ಕಣಿವೆಯವರೆಗೆ ಸ್ಕೀ ಮೇಲೆ ಜಾರಿಕೊಂಡು ಬರಬೇಕು. ಮುಂದೆ ಮಾಸ್ತರ್, ಹಿಂದೆ ಶಿಷ್ಯರು.

ಆ ಚಳಿಗಾಲದ ಒಂದು ವಾರ ಶಿಷ್ಯರು ಇಬ್ಬರೇ ಇದ್ದರು. ದಾವಣಗೆರೆಯ ತಾರಿಣಿ, ಹುಬ್ಬಳ್ಳಿಯ ಮುಕುಂದರಾಯರು. ಇಬ್ಬರಿಗೂ ಸ್ಕೀ ಬರುತ್ತಿತ್ತು, ಹೆಲಿಕಾಪ್ಟರ್ ಮಾತ್ರ ಹೊಸದು. ಒಬ್ಬರಿಗೊಬ್ಬರು ಇನ್ನೂ ಹೊಸಬರು.

ತಾರಿಣಿ ಒಂಬತ್ತು ವರ್ಷದ ಹಿಂದೆಯೇ ಇಲ್ಲಿಗೆ ಬರಬೇಕಿತ್ತು. ಹೊರಡುವ ವಾರ ಅವಳ ಅಪ್ಪ ಬಚ್ಚಲಲ್ಲಿ ಜಾರಿಬಿದ್ದರು. ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ; ಅವಳೊಬ್ಬಳೇ ನೋಡಿಕೊಂಡಳು. ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಅವಳಿಗೀಗ ನಲವತ್ತಾರು.

ಮೊದಲ ದಿನವೇ ಮಾಸ್ತರ್ ಇಬ್ಬರ ಎದೆಗೂ ಒಂದೊಂದು ಪುಟ್ಟ ಪೆಟ್ಟಿಗೆ ಕಟ್ಟಿಸಿದರು. ಅದರ ಹೆಸರು ಬೀಕನ್. ಹಳೆಯ ಕಾಲದ್ದು. ಒಂದೇ ಸ್ವಿಚ್ಚು.

“ಈ ಕಡೆ ಇಟ್ರ ಅದು ಕೂಗತೈತಿ,” ಎಂದರು. “ನಮ್ಮ ಕಿವಿಗೆ ಕೇಳೂದಿಲ್ಲ, ಇನ್ನೊಂದು ಬೀಕನ್ನಿಗೆ ಕೇಳತೈತಿ. ಆ ಕಡೆ ಇಟ್ರ ಹುಡುಕತೈತಿ. ಹಿಮ ಕುಸಿದು ಒಬ್ಬರು ಹೂತು ಹೋದ್ರ ಉಳಿದವರು ಹುಡುಕೂ ಕಡೆ ತಿರುಗಸಬೇಕು. ಅದೂ ನಾ ಹೇಳಿದ ಮ್ಯಾಲ. ಅಲ್ಲೀತನಕ ಎಲ್ಲಾರೂ ಕೂಗ್ತಿರಬೇಕು.”

“ಎರಡೂ ಒಟ್ಟಿಗೆ ಆಗಲ್ವಾ ಮಾಸ್ತರೇ?” ತಾರಿಣಿ ಕೇಳಿದಳು.

“ಆಗೂದಿಲ್ಲ.”

“ಹೂತವರಿಗೆ ಎಷ್ಟು ಹೊತ್ತಿರುತ್ತೆ?”

“ಹದಿನೈದು ನಿಮಿಷ ಹಿಡೀರಿ. ಆಮ್ಯಾಲ ಕಷ್ಟ.”

ಮುಕುಂದರಾಯರು ಹೊಟ್ಟೆಯ ಮೇಲೆ ಪಟ್ಟಿ ಎಳೆದು ಬಿಗಿಯುತ್ತ, “ನನಗ ಇದು ಬ್ಯಾಡ್ರಿ ಮಾಸ್ತರ,” ಎಂದರು. “ನಾ ಎಲ್ಲಿ ಅಡಗಿದ್ರೂ ನಮ್ಮನಿಯಾಕಿ ಹುಬ್ಬಳ್ಳಿಯೊಳಗ ಕೂತs ಕಂಡುಹಿಡೀತಾಳ.”

ಮಾಸ್ತರ್ ನಗಲಿಲ್ಲ. ತಾರಿಣಿ ಸ್ವಲ್ಪ ನಕ್ಕಳು.

ನಾಲ್ಕು ದಿನ ಬಿಡದೆ ಹಿಮ ಬಿತ್ತು. ಹೆಲಿಕಾಪ್ಟರ್ ಮೇಲೇಳಲಿಲ್ಲ.

ಮುಕುಂದರಾಯರು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ನಿದ್ದೆ ಮಾಡಿದರು. ತಾರಿಣಿಗೆ ಕೂರಲಾಗಲಿಲ್ಲ. ಯಾರೋ ಕೆಮ್ಮಿದರೆ ಎದ್ದು ನಿಲ್ಲುವಳು. ಬಾಗಿಲು ಕಿರುಗುಟ್ಟಿದರೆ ಹೋಗಿ ನೋಡುವಳು.

“ಏನಾದ್ರೂ ಕೆಲಸ ಕೊಡಿ ಮಾಸ್ತರೇ,” ಎಂದಳು.

ಮಾಸ್ತರ್ ಹಿತ್ತಲಿನ ಬಯಲಿನಲ್ಲಿ ಒಂದು ಬೀಕನ್ ಹೂತಿಟ್ಟು ಬಂದರು. “ಹುಡುಕ್ರಿ.”

ತಾರಿಣಿ ಮೂರು ನಿಮಿಷದಲ್ಲಿ ತಂದಳು. ಮರುದಿನ ಎರಡು ಹೂತರು. ಐದು ನಿಮಿಷದಲ್ಲಿ ಎರಡನ್ನೂ ತಂದಳು. ಮುಕುಂದರಾಯರಿಗೆ ಇಪ್ಪತ್ತು ನಿಮಿಷ ಬೇಕಾಯಿತು, ಸಿಕ್ಕಿದ್ದು ನಾಯಿ ಬಚ್ಚಿಟ್ಟ ಎಲುಬು.

“ನೀವು ಪೊಲೀಸ್ ಖಾತೆಯೊಳಗ ಇರಬೇಕಾಗಿತ್ತು ತಾರಿಣಿಬಾಯಿ,” ಎಂದರು ಅವರು.

ತಾರಿಣಿ ಮಾಸ್ತರ ಕಡೆ ನೋಡಿದಳು. ಒಂದು ಒಳ್ಳೆಯ ಮಾತು ಬರಬಹುದು ಅಂದುಕೊಂಡಿದ್ದಳು.

“ಹುಡುಕೂದು ನಿಮಗ ಬರತೈತಿ ಅಕ್ಕಾರ,” ಎಂದರು ಮಾಸ್ತರ್. “ಅದು ಇಲ್ಲಿಗೆ ಬರೂಕಿಂತ ಮೊದಲs ಬರತಿತ್ತು.”

ಐದನೆಯ ಬೆಳಿಗ್ಗೆ ಮೋಡ ಹರಿಯಿತು. ಹೆಲಿಕಾಪ್ಟರಿನ ರೆಕ್ಕೆ ತಿರುಗತೊಡಗಿತು.

ಹೊರಡುವ ಮುಂಚೆ ಒಂದು ಪದ್ಧತಿ. ಮಾಸ್ತರ್ ತಮ್ಮ ಬೀಕನ್ ಹುಡುಕುವ ಕಡೆಗಿಟ್ಟುಕೊಂಡು ಅಂಗಳದ ಗೇಟಿನಲ್ಲಿ ನಿಲ್ಲುತ್ತಾರೆ. ಶಿಷ್ಯರು ಒಬ್ಬೊಬ್ಬರಾಗಿ ಅವರ ಮುಂದೆ ಹಾದುಹೋಗಬೇಕು. ಪ್ರತಿಯೊಬ್ಬರಿಗೂ ಬೀಪ್ ಎನ್ನಬೇಕು.

ಮುಕುಂದರಾಯರು ಹಾದುಹೋದರು. ಬೀಪ್ ಎಂದಿತು.

ತಾರಿಣಿ ಹಾದುಹೋದಳು. ಏನೂ ಇಲ್ಲ.

“ಅಕ್ಕಾರ, ನೀವು ಬಂದs ಇಲ್ಲ,” ಎಂದರು ಮಾಸ್ತರ್.

ಅವಳು ಜಾಕೆಟ್ಟಿನ ಜಿಪ್ಪು ಇಳಿಸಿ ನೋಡಿದಳು. ಅಭ್ಯಾಸದ ದಿನದಿಂದ ಅದು ಹುಡುಕುವ ಕಡೆಗೇ ಇತ್ತು. ನಾಚಿಕೆಯಿಂದ ತಿರುಗಿಸಿದಳು. ಮತ್ತೊಮ್ಮೆ ಹಾದುಹೋದಳು. ಬೀಪ್.

ಶಿಖರದಲ್ಲಿ ಇಳಿಸಿ ಹೆಲಿಕಾಪ್ಟರ್ ಹೊರಟುಹೋಯಿತು. ಆಮೇಲೆ ಎಷ್ಟು ನಿಶ್ಶಬ್ದವಾಯಿತೆಂದರೆ ತಾರಿಣಿಗೆ ತನ್ನ ಕಿವಿಯೊಳಗಿನ ಸದ್ದು ಕೇಳಿಸಿತು.

ಮಾಸ್ತರ್ ಮೊದಲು ಜಾರಿದರು. ಕೆಳಗೊಂದು ಬಂಡೆಯ ಮರೆಯಲ್ಲಿ ನಿಂತು ಕೋಲೆತ್ತಿದರು. ತಾರಿಣಿ ಹೋದಳು. ಹಿಮ ಮೊಣಕಾಲುದ್ದ, ಹಿಟ್ಟಿನಂತೆ ಹಗುರ. ಒಂಬತ್ತು ವರ್ಷದ ಹಿಂದಿನ ಮೈ ಎಲ್ಲಿಂದಲೋ ವಾಪಸು ಬಂತು. ಬಂಡೆಯ ಬಳಿ ನಿಂತಾಗ ಅವಳಿಗೆ ಉಸಿರಿಗಿಂತ ನಗು ಮೊದಲು ಬಂತು.

ಮೂರನೆಯವರು ಮುಕುಂದರಾಯರು. ಅರ್ಧದವರೆಗೆ ಕಂಡರು. ಒಂದು ಉಬ್ಬಿನ ಹಿಂದೆ ಹೋದರು. ಮತ್ತೆ ಕಾಣಲಿಲ್ಲ.

“ನಿಲ್ರಿ,” ಎಂದರು ಮಾಸ್ತರ್. “ಬಿದ್ದಿರಬೇಕು. ಏಳ್ತಾರ.”

ಅವರು ರೇಡಿಯೋ ಕೈಗೆತ್ತಿಕೊಳ್ಳುವಷ್ಟರಲ್ಲಿ ತಾರಿಣಿ ಸ್ಕೀ ಕಳಚಿ ಹಿಮದಲ್ಲಿ ಮೇಲಕ್ಕೆ ಹತ್ತುತ್ತಿದ್ದಳು. ಒಂದು ಕೈ ಎದೆಯ ಮೇಲಿತ್ತು.

ಉಬ್ಬಿನ ಹಿಂದಿನಿಂದ ಮುಕುಂದರಾಯರು ಮೀಸೆಯ ತುಂಬ ಹಿಮ ಹಚ್ಚಿಕೊಂಡು ಬಂದರು. “ಟೊಪ್ಪಿಗಿ ಹಾರಿತ್ರೀ!” ಎಂದು ಕೂಗಿದರು.

ಕಣಿವೆಗೆ ಇಳಿದ ಮೇಲೆ ಮಾಸ್ತರ್ ಕೈ ಚಾಚಿದರು. “ಬೀಕನ್ ತೋರಸ್ರಿ ಅಕ್ಕಾರ.”

ಹುಡುಕುವ ಕಡೆಗಿತ್ತು.

“ನಾ ಹೇಳಿದ್ನೇನು?”

“ಇಲ್ಲ.”

“ಮ್ಯಾಲಿನ ಹಿಮ ಇನ್ನೂ ಹಂಗs ನಿಂತಿತ್ತು. ನೀವು ಅದರ ಕೆಳಗ ಹತ್ತಾಕತ್ತಿದ್ರಿ. ಅದು ಬಿದ್ದಿದ್ರ ನಿಮ್ಮನ್ನ ಹ್ಯಾಂಗ ಹುಡುಕೂದು?”

ತಾರಿಣಿ ಕೈಗವಸು ಸರಿಮಾಡಿಕೊಂಡಳು.

“ನನ್ನನ್ನ ಹುಡುಕೋರು ಯಾರಿದ್ದಾರೆ ಮಾಸ್ತರೇ?”

ಅಳುವ ದನಿಯಲ್ಲ. ಬಸ್ಸು ಹೊರಟುಹೋಯಿತು ಎನ್ನುವ ಹಾಗೆ ಹೇಳಿದಳು.

ಮಾಸ್ತರ್ ರೇಡಿಯೋದಲ್ಲಿ ಹೆಲಿಕಾಪ್ಟರಿಗೆ ಹೇಳಿದರು. “ಇವತ್ತಿಗೆ ಸಾಕು. ಮನಿಗೆ.”

“ಮಾಸ್ತರ!” ಮುಕುಂದರಾಯರು ಕೋಲು ನೆಲಕ್ಕೆ ಕುಕ್ಕಿದರು. “ನಾಲ್ಕು ದಿನಾ ಕಾದು ಒಂದs ಸಲ ಇಳದೀವಿ. ಇದೇನು ತೀರ್ಥ ಕೊಟ್ಟಂಗ ಕೊಡ್ತೀರಿ!”

ಮಾಸ್ತರ್ ರೇಡಿಯೋ ಜೇಬಿಗೆ ಇಳಿಸಿದರು.

ತಂಗುಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಯಿತು. ಮರುದಿನವೇ ಕೊನೆಯ ದಿನ. ಆಕಾಶ ಶುಭ್ರವಾಗಿತ್ತು. ದೊಡ್ಡ ಶಿಖರಕ್ಕೆ ಹೋಗುವ ದಿನ ಅದೇ. ಒಂಬತ್ತು ವರ್ಷ ತಾರಿಣಿ ತನ್ನ ಕಪಾಟಿನ ಬಾಗಿಲ ಒಳಗೆ ಆ ಶಿಖರದ ಚಿತ್ರ ಅಂಟಿಸಿಕೊಂಡಿದ್ದಳು.

“ನಾಳೆ ಎಷ್ಟು ಗಂಟೆಗೆ?” ಎಂದಳು.

“ನೀವು ಬರೂದಿಲ್ಲ. ಕೂಗಲಾರದವರನ್ನ ನಾ ಮ್ಯಾಲ ಒಯ್ಯೂದಿಲ್ಲ.”

“ಇನ್ನೊಮ್ಮೆ ಮರೆಯಲ್ಲ ಮಾಸ್ತರೇ.”

“ಎರಡನೇದ್ದು ಮರೆತದ್ದಲ್ಲ.”

ಅವಳು ತಟ್ಟೆ ಸರಿಸಿದಳು. “ಹಾಗಾದ್ರೆ ಏನು ಮಾಡಬೇಕು, ಅದನ್ನಾದ್ರೂ ಹೇಳಿ. ನನಗೆ ವಾದ ಮಾಡೋಕೆ ಶಕ್ತಿ ಇಲ್ಲ.”

ಮಾಸ್ತರ್ ಸಲಿಕೆ ತೆಗೆದುಕೊಂಡರು. “ಬರ್ರಿ.”

ಹಿತ್ತಲಿನ ಬಯಲಿನಲ್ಲಿ ಹಿಮದೊಳಗೆ ಒಬ್ಬರು ಮಲಗುವಷ್ಟು ಒಂದು ಗವಿ ಕೊರೆದಿತ್ತು. ಹೂತವರನ್ನು ಮೂಸಿ ಹುಡುಕಲು ನಾಯಿಗಳಿಗೆ ಕಲಿಸುವುದು ಅಲ್ಲಿ.

“ಒಳಗ ಮಲಗ್ರಿ.”

“ಎಷ್ಟು ಹೊತ್ತು?”

“ಸಿಗೂತನಕ. ಒಂದು ತಾಸಿಗಾಗೂವಷ್ಟು ಗಾಳಿ ಐತಿ. ನಾ ಇಲ್ಲೇ ಇರ್ತೀನಿ.”

“ಬೀಕನ್?”

“ಹ್ಯಾಂಗೈತಿ ಹಂಗ ಇರಲಿ.”

ಅದು ಇನ್ನೂ ಹುಡುಕುವ ಕಡೆಗೇ ಇತ್ತು. ಅವಳಿಗೆ ಗೊತ್ತಿತ್ತು, ಅವರಿಗೂ. ಅವಳು ಮಲಗಿದಳು. ಮಾಸ್ತರ್ ಹಿಮದ ಗಟ್ಟಿಗಳಿಂದ ಬಾಯಿ ಮುಚ್ಚಿ, ಮೇಲೆ ಪುಡಿ ಹಿಮ ಎಳೆದು, ಗುರುತು ಸಿಗದಂತೆ ಬಯಲೆಲ್ಲ ಸ್ಕೀ ಮೇಲೆ ಓಡಾಡಿದರು. ಆಮೇಲೆ ಒಲೆಯ ಪಕ್ಕ ನಿದ್ದೆ ಹೋಗಿದ್ದ ಮುಕುಂದರಾಯರನ್ನು ಎಬ್ಬಿಸಲು ಹೋದರು.

ಒಳಗೆ ನೀಲಿ ಕತ್ತಲೆ. ಚಳಿ ಅಷ್ಟೇನಿರಲಿಲ್ಲ. ಹಗಲು ಹೊತ್ತು ಹೀಗೆ ಕೈಕಾಲು ಚಾಚಿ ಮಲಗಿ ಎಷ್ಟು ವರ್ಷವಾಯಿತೆಂದು ತಾರಿಣಿ ಯೋಚಿಸಿದಳು. ಯಾರೂ ಕರೆಯುವುದಿಲ್ಲ. ಕರೆದರೂ ಏಳಲಾಗುವುದಿಲ್ಲ. ಹೀಗೇ ಇದ್ದುಬಿಟ್ಟರೂ ಆದೀತು ಅನ್ನಿಸಿತು. ಕಣ್ಣು ಮುಚ್ಚಿದಳು.

ತಲೆಯ ಮೇಲೆ ಹೆಜ್ಜೆಗಳು ಕರಕರ ಎಂದವು.

“ಮಾಸ್ತರ, ಬೀಕನ್ನಿನಾಗ ಸದ್ದು ಬರವಲ್ದು.” ಮುಕುಂದರಾಯರ ದನಿ ಪಕ್ಕದ ಕೋಣೆಯಿಂದ ಬಂದಂತೆ ಸ್ಪಷ್ಟವಾಗಿತ್ತು.

“ಹುಡುಕ್ರಿ ರಾಯರ.”

“ಆಕಿ ಖರೇನ ಒಳಗಿದ್ದಾಳೇನು?”

“ಅದಾರ.”

ಹೆಜ್ಜೆಗಳು ಅತ್ತ ಹೋದವು, ಇತ್ತ ಬಂದವು. ಸಲಿಕೆಯ ಸದ್ದು ಕೇಳಿಸಿತು. ಎಲ್ಲೋ ದೂರ ಅಗೆದರು. ಬಿಟ್ಟು ಇನ್ನೆಲ್ಲೋ ಅಗೆದರು.

“ಇಲ್ಲಿದ್ದೀನಿ,” ಎಂದಳು ತಾರಿಣಿ.

ಅವರು ಅವಳ ಮುಖದ ಮೇಲೆಯೇ ನಡೆದುಹೋದರು. ಹಿಮದ ಪುಡಿ ಉದುರಿತು.

“ಮುಕುಂದರಾಯರೇ! ಇಲ್ಲಿ!” ಗಂಟಲು ಬಿರಿಯುವಂತೆ ಕೂಗಿದಳು. ಹೆಜ್ಜೆಗಳು ನಿಲ್ಲಲಿಲ್ಲ.

ಸುಮ್ಮನಾದಳು. ಅವರಿಗೆ ಸಾಕಾಗುತ್ತದೆ, ಭಾರದ ಮೈ. ಐದು ದಿನದ ಪರಿಚಯ. ಇನ್ನು ಸ್ವಲ್ಪ ಹೊತ್ತಿಗೆ ಬಿಡುತ್ತಾರೆ ಅಂದುಕೊಂಡಳು.

ಬಿಡುವುದನ್ನೇ ಕಾದಳು.

ಮೇಲೆ ರಾಯರ ಉಸಿರು ಶಿಳ್ಳೆ ಹೊಡೆಯತೊಡಗಿತು. ದನಿಯಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. “ತಾರಿಣಿಬಾಯಿ! ಏ ತಂಗಿ! ಎಲ್ಲಿದ್ದೀಯವಾ?” ಸಲಿಕೆ ಎಸೆದ ಸದ್ದು. ಆಮೇಲೆ ಕೈಯಲ್ಲೇ ಬಗೆಯುವ ಸದ್ದು, ಗರಗರ, ಗರಗರ, ನಿಲ್ಲದೆ.

ಅವಳು ಕೈಗವಸನ್ನು ಹಲ್ಲಿನಿಂದ ಎಳೆದಳು. ಬೆರಳು ಮರಗಟ್ಟಿದ್ದವು. ಸ್ವಿಚ್ಚು ಎರಡು ಸಲ ಜಾರಿತು, ಮೂರನೆಯ ಸಲ ತಿರುಗಿತು.

ಬಗೆಯುವ ಸದ್ದು ನಿಂತಿತು. ಆಮೇಲೆ ಯಾರೋ ಓಡಿಬಂದರು.

ಹಿಮದ ಗಟ್ಟಿ ಒಡೆದು ಬೆಳಕು ಬಿತ್ತು. ಮುಕುಂದರಾಯರ ಮುಖ ಕೆಂಪಾಗಿತ್ತು, ಮೂಗು ಸೋರುತ್ತಿತ್ತು. ಅವಳ ಕಾಲರು ಹಿಡಿದು ಹೊರಗೆಳೆದರು.

“ಎಂಥಾ ಹೆಣ್ಣಮಗಳರೀ ನೀವು!” ಎಂದು ಬೈದರು. “ಕೂಗಲಿಕ್ಕೆ ಏನು ಧಾಡಿ ನಿಮಗ? ಹಾಂ?” ಅಲ್ಲೇ ಹಿಮದ ಮೇಲೆ ಕುಸಿದು ಕುಳಿತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಯಾರ ಕಡೆಯೂ ನೋಡದೆ, ಒಲೆಯ ಕಡೆ ನಡೆದರು.

ತಾರಿಣಿ ಬಯಲು ನೋಡಿದಳು. ಏಳು ಕಡೆ ಅಗೆದಿದ್ದರು. ಒಂದು ಸೊಂಟದಷ್ಟು ಆಳ ಹೋಗಿತ್ತು.

“ಬಾಯಲ್ಲಿ ಕೂಗಿದೆ ಮಾಸ್ತರೇ. ಕೇಳಿಸಲೇ ಇಲ್ಲ.”

“ಮ್ಯಾಲಿಂದು ಒಳಗ ಕೇಳತೈತಿ. ಒಳಗಿಂದು ಮ್ಯಾಲ ಕೇಳೂದಿಲ್ಲ. ಹಿಮ ಹಂಗ.”

“ಎಷ್ಟು ಹೊತ್ತಾಯ್ತು?”

ಮಾಸ್ತರ್ ಗಡಿಯಾರ ನೋಡಿದರು. “ಹದಿನಾಲ್ಕು ನಿಮಿಷ. ನಾಳೆ ಎಂಟಕ್ಕ ಹೊರಡೂದು, ತಯಾರಿರ್ರಿ.”

ಅವಳು ತಲೆಯಾಡಿಸಿದಳು. ಆದರೂ ಏಳಲಿಲ್ಲ.

“ನಾನು ಸ್ವಿಚ್ಚು ತಿರುಗಿಸದೇ ಇದ್ದಿದ್ರೆ, ಅವರನ್ನ ಯಾವಾಗ ನಿಲ್ಲಿಸ್ತಿದ್ರಿ?”

ಮಾಸ್ತರ್ ಬಿದ್ದಿದ್ದ ಸಲಿಕೆ ಎತ್ತಿಕೊಂಡರು. ಅವರೂ ದಣಿದಿದ್ದರು.

“ಹತ್ತನೇ ನಿಮಿಷಕ್ಕs ನಾ ಸಾಕು ಅಂತ ಕೈ ಮಾಡಿದೆ ಅಕ್ಕಾರ. ಅವರು ಈ ಕಡೆ ನೋಡಲೇ ಇಲ್ಲ.”