ವಲ್ಲಿಯೊಳಗೆ ಮೂರನೇ ಕೈ

ಗುಂಡಲಕಟ್ಟೆಯಲ್ಲಿ ಪ್ರತಿ ಮಂಗಳವಾರ ದನದ ಸಂತೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ವಾಡಿಕೆ ಇರಲಿಲ್ಲ. ಮಾರುವವರು ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈ ಮೇಲೆ ಹೊದಿಸುತ್ತಿದ್ದರು. ಕೊಳ್ಳುವವರು ಆ ಬಟ್ಟೆಯೊಳಗೆ ಕೈ ತೂರಿಸುತ್ತಿದ್ದರು. ಒಳಗೆ ಬೆರಳು ಹಿಡಿದು ಬೆಲೆ ಕೇಳುವುದು, ಬೆರಳು ಮಡಚಿ ಬೆಲೆ ಇಳಿಸುವುದು. ಹೊರಗೆ ಮಾತ್ರ, "ನಿಮ್ಮ ಕಡೆ ಹುರುಳಿ ಹೇಗೈತೆ?", "ಬೀಗರು ಬಂದಿದ್ರಾ?" ಎನ್ನುವ ಮಾತು. ಸುತ್ತ ನಿಂತವರಿಗೆ ಬೆಲೆ ತಿಳಿಯುತ್ತಿರಲಿಲ್ಲ. ತಿಳಿದರೆ ನೂರು ಜನ ನೂರು ಸಲಹೆ ಕೊಡುತ್ತಾರೆ, ವ್ಯಾಪಾರ ನಿಂತಲ್ಲೇ ಕೆಡುತ್ತದೆ.

ಆ ಸೀಮೆಯ ದೊರೆ ಓಬಳೇಶ ನಾಯಕ. ಒಳ್ಳೆಯವನು. ಪಟ್ಟಕ್ಕೆ ಬಂದ ವರ್ಷವೇ ಸಂತೆಯ ದಾರಿಯಲ್ಲಿ ಕಳ್ಳರ ಕಾಟ ತಪ್ಪಿಸಲು ಕಾವಲು ಹಾಕಿದ. ದನಗಳಿಗೆ ಕಲ್ಲಿನ ನೀರುತೊಟ್ಟಿ ಕಟ್ಟಿಸಿದ. ಕೊಂಡ ಎತ್ತು ಎಂಟು ದಿನದೊಳಗೆ ನೊಗದಡಿ ಮಲಗಿದರೆ ಮಾರಿದವನು ವಾಪಸು ತೆಗೆದುಕೊಳ್ಳಬೇಕು ಎಂದು ಕಟ್ಟಳೆ ಮಾಡಿದ. ಎರಡೇ ವರ್ಷದಲ್ಲಿ ಸಂತೆ ಎರಡರಷ್ಟಾಯಿತು. ಜನ ಹೊಗಳಿದರು.

ಹೊಗಳಿಸಿಕೊಂಡವನ ಕೈ ಸುಮ್ಮನಿರುವುದಿಲ್ಲ. ಯಾರೋ ಒಬ್ಬ, ಎತ್ತಿನ ಜೋಡಿಗೆ ಹೆಚ್ಚು ಕೊಟ್ಟೆನೆಂದು ಅರಮನೆ ಬಾಗಿಲಲ್ಲಿ ಗೋಳಾಡಿದ. "ಬಟ್ಟೆ ಮುಚ್ಚಿ ಮಾಡೋ ವ್ಯವಹಾರದಲ್ಲಿ ಮೋಸ ಇರದೆ ಇರ್ತದೆಯೇ?" ಎಂದ ನಾಯಕ. ಅಂದೇ ಡಂಗುರ ಹೊಡೆಸಿದ. ಇನ್ನು ಮೇಲೆ ಪ್ರತಿ ವಲ್ಲಿಯೊಳಗೂ ಸರ್ಕಾರದ ಕೈ ಒಂದು ಇರತಕ್ಕದ್ದು. ಆ ಕೈ ಸಂತೆಯ ಪಾರುಪತ್ತೇಗಾರ ಸೀನಪ್ಪಯ್ಯನದು.

ಸೀನಪ್ಪಯ್ಯನ ಕೈ ದಪ್ಪ, ವಲ್ಲಿ ಸಣ್ಣದು. ಒಳಗೆ ಹದಿನೈದು ಬೆರಳು. ಯಾರು ಯಾರದನ್ನು ಹಿಡಿದರೆಂದು ಯಾರಿಗೂ ತಿಳಿಯದು. ಮಾರುವವನು ಹಿಡಿದ ಬೆರಳು ಎಷ್ಟೋ ಸಲ ಸೀನಪ್ಪಯ್ಯನದೇ ಆಗಿರುತ್ತಿತ್ತು. ಹಿಡಿದ ಬೆರಳನ್ನು ಮಡಚದೆ ಬಿಟ್ಟರೆ ಒಪ್ಪಿದ ಹಾಗೆ ಎನ್ನುವುದು ಸಂತೆಯ ಪದ್ಧತಿ. ಪದ್ಧತಿ ಅರಿಯದ ಸೀನಪ್ಪಯ್ಯ ಎರಡನೇ ವಾರಕ್ಕೆ ಒಂದು ಒಕ್ಕಣ್ಣು ಹೋರಿಗೆ ಒಡೆಯನಾಗಿ ಮನೆಗೆ ಹೋದ. ಹೆಂಡತಿ ಏನಂದಳೋ ತಿಳಿಯದು. ಮಾರನೆಯ ದಿನ ನಾಯಕನ ಮುಂದೆ ನಿಂತು, "ದೊರೆ, ಕೈ ಹಾಕೋದು ಕಷ್ಟ. ಬೆಲೆನೇ ನಾವು ಕಟ್ಟಿಬಿಡೋಣ. ಹಲ್ಲು ಎಣಿಸಿದರೆ ಎತ್ತಿನ ವಯಸ್ಸು ಗೊತ್ತಾಗ್ತದೆ. ಹಲ್ಲಿಗೆ ಇಷ್ಟು ಅಂತ ಪಟ್ಟಿ ಮಾಡಿದರೆ ಸಾಕು" ಎಂದ.

ಪಟ್ಟಿ ಬಂತು. ಎರಡು ಹಲ್ಲಿನ ಜೋಡಿಗೆ ಹತ್ತು ವರಹ, ನಾಲ್ಕು ಹಲ್ಲಿಗೆ ಇಪ್ಪತ್ತು, ಆರು ಹಲ್ಲಿಗೆ ಮೂವತ್ತು. ಮೀರಿದರೆ ಕೊಟ್ಟವರಿಗೂ ಕೊಂಡವರಿಗೂ ಒಂದೊಂದು ವರಹ ದಂಡ.

ಮುಂದಿನ ಸಂತೆಗೆ ಆರು ಹಲ್ಲಿನ ಎತ್ತುಗಳೇ ಬಂದವು. ಕುಂಟ, ಗೂರಲು ಹಿಡಿದದ್ದು, ಹಾಯುವಂಥದ್ದು, ಎಲ್ಲಕ್ಕೂ ಆರು ಹಲ್ಲು, ಎಲ್ಲಕ್ಕೂ ಮೂವತ್ತು ವರಹ. ಒಳ್ಳೆಯ ಎತ್ತು ಇದ್ದವರು ಹೊಳೆ ದಾಟಿ ಪಕ್ಕದ ಸೀಮೆಯ ಸಂತೆಗೆ ಹೊಡೆದುಕೊಂಡು ಹೋದರು. ದಾರಿ ಕಾಯುವ ಆಳುಗಳನ್ನು ಹಲ್ಲು ಎಣಿಸಲು ಕರೆಸಿದ್ದರಿಂದ ದಾರಿಯಲ್ಲಿ ಕಳ್ಳರು ಮತ್ತೆ ಎದ್ದರು. ತೊಟ್ಟಿಗೆ ನೀರು ತುಂಬುವವನ ಕೈಯಲ್ಲೂ ಪಟ್ಟಿ, ತೊಟ್ಟಿಯಲ್ಲಿ ಪಾಚಿ. ಎಂಟು ದಿನದ ಕಟ್ಟಳೆಯನ್ನು ನಡೆಸುವವರೂ ಇರಲಿಲ್ಲ.

ಗಿರಿಯವ್ವ ಎನ್ನುವ ಹೆಂಗಸೊಬ್ಬಳಿದ್ದಳು. ವರ್ಷಕ್ಕೆ ಎರಡು ಕರು ಕೊಂಡು, ಸಾಕಿ, ನೊಗ ಕಲಿಸಿ, ಜೋಡಿ ಮಾಡಿ ಮಾರುವುದೇ ಅವಳ ಬದುಕು. ಈ ಸಲದ ಜೋಡಿ ನಾಲ್ಕು ಹಲ್ಲಿನದು. ಒಂದೇ ಎತ್ತರ, ಒಂದೇ ಹೆಜ್ಜೆ, ಹೆಸರು ಹಿಡಿದು ಕೂಗಿದರೆ ತಾವೇ ನೊಗಕ್ಕೆ ಕುತ್ತಿಗೆ ಕೊಡುತ್ತಿದ್ದವು. ಪಟ್ಟಿಯ ಇಪ್ಪತ್ತು ವರಹಕ್ಕೆ ಮಾರಿದರೆ ತಿನ್ನಿಸಿದ ಹಿಂಡಿಯ ಖರ್ಚೂ ಹುಟ್ಟದು. ಮಾರದಿದ್ದರೆ ಹೊಸ ಕರು ಇಲ್ಲ, ಮುಂದಿನ ವರ್ಷ ಒಲೆ ಉರಿಯುವುದಿಲ್ಲ. ಹೊಳೆ ದಾಟೋಣವೆಂದರೆ ಒಬ್ಬಳೇ ಹೆಂಗಸು, ದಾರಿಯಲ್ಲಿ ಕಳ್ಳರು. ಮೂರು ಮಂಗಳವಾರ ಜೋಡಿಯನ್ನು ಹೊಡೆದುಕೊಂಡು ಬಂದು, ಮಾರದೆ ಹಿಂದಿರುಗಿದಳು.

"ಅಕ್ಕಾ, ಇಪ್ಪತ್ತಕ್ಕೆ ಕೊಟ್ಟುಬಿಡು, ಪುಣ್ಯ ಬರ್ತದೆ" ಎಂದ ಗಾಡಿ ಹೊಡೆಯುವ ಕರಿಸಿದ್ದ.

"ಪುಣ್ಯವ ಕರುಗಳು ಮೇಯಲ್ಲ ಕಣಪ್ಪ" ಎಂದಳು ಗಿರಿಯವ್ವ.

ಅದೇ ಹೊತ್ತಿಗೆ ನಾಯಕನಿಗೂ ಎತ್ತು ಬೇಕಾಯಿತು. ತೋಟದ ಬಾವಿಯಿಂದ ನೀರೆತ್ತುವ ಜೋಡಿಗೆ ವಯಸ್ಸಾಗಿತ್ತು. ಸೀನಪ್ಪಯ್ಯ ಪಟ್ಟಿ ನೋಡಿ, ಹಲ್ಲು ಎಣಿಸಿ, ಮೂವತ್ತು ವರಹದ ಜೋಡಿ ತಂದ. ಬೆಳಿಗ್ಗೆ ಬಾವಿಗೆ ಕಟ್ಟಿದರು. ಎರಡು ಸಲ ನೀರೆತ್ತಿದವು, ಮೂರನೆಯದಕ್ಕೆ ಎರಡೂ ಕೂಡಿ ಮಲಗಿದವು. ನಾಯಕ ಬಗ್ಗಿ ಬಾಯಿ ತೆರೆಸಿ ನೋಡಿದ. ಹಲ್ಲು ಆರೂ ಸರಿಯಾಗಿದ್ದವು.

ಮುಂದಿನ ಮಂಗಳವಾರ ನಾಯಕ ತಾನೇ ಸಂತೆಗೆ ಬಂದ. ಬಂದವನ ಕಣ್ಣು ನೇರ ಗಿರಿಯವ್ವನ ಜೋಡಿಯ ಮೇಲೆ ಬಿತ್ತು.

"ನಾಲ್ಕು ಹಲ್ಲು. ಇಪ್ಪತ್ತು ವರಹ. ಹಗ್ಗ ಬಿಚ್ಚಮ್ಮ."

"ಬಿಚ್ಚಲ್ಲ ಬುದ್ಧಿ."

"ಯಾಕೆ? ಪಟ್ಟಿಯಲ್ಲಿ ಹಾಗೇ ಇದೆಯಲ್ಲ."

"ಹಲ್ಲು ನೀರೆತ್ತಲ್ಲ ಬುದ್ಧಿ. ಎತ್ತೋದು ಹೆಗಲು. ಹೆಗಲಿಗೆ ಬೆಲೆ ಕಟ್ಟಿದ ಪಟ್ಟಿ ತನ್ನಿ, ಬಿಚ್ತೀನಿ."

ಸೀನಪ್ಪಯ್ಯ ಗದರಿಸಲು ಬಾಯಿ ತೆರೆದ. ನಾಯಕ ಕೈ ಅಡ್ಡ ಹಿಡಿದ. ಬಾವಿಯ ಹತ್ತಿರ ಮಲಗಿದ್ದ ಎತ್ತುಗಳು ಅವನಿಗೆ ಚೆನ್ನಾಗಿ ಬುದ್ಧಿ ಕಲಿಸಿದ್ದವು.

"ಹೆಗಲಿಗೆ ಎಷ್ಟು ಕೇಳ್ತೀಯ?"

"ಬಾಯಲ್ಲಿ ಹೇಳೋ ರೂಢಿ ಇಲ್ಲ. ಉಂಗುರ ತೆಗೆದು ಕೈ ಕೊಡಿ. ಉಂಗುರ ತಾಕಿದರೆ ನಂಗೆ ದೊರೆ ಅಂತ ಭಯ ಆಗ್ತದೆ, ಬೆಲೆ ತಪ್ತೀನಿ."

ನಾಯಕ ಉಂಗುರ ತೆಗೆದ. ಗಿರಿಯವ್ವ ವಲ್ಲಿ ಹೊದಿಸಿದಳು. ಸಂತೆಯೇ ಸುತ್ತ ನೆರೆಯಿತು.

"ಅರಮನೆ ಕಡೆ ಹುರುಳಿ ಹೇಗೈತೆ ಬುದ್ಧಿ?"

"ಪರವಾಗಿಲ್ಲ... ಅಯ್ಯೋ, ಅಷ್ಟಾ?"

"ಹುರುಳಿ ವಿಚಾರ ಮಾತಾಡಿ, ಒಳಗಿಂದು ಹೊರಗೆ ಹೇಳಬಾರದು."

ನಾಯಕ ಒಂದು ಬೆರಳು ಮಡಚಿದ. ಗಿರಿಯವ್ವ ಬಿಡಿಸಿದಳು. ಅವನು ಮತ್ತೆ ಮಡಚಿದ. ಅವಳು ಎತ್ತಿನ ಹೆಗಲ ಕಡೆ ಗಲ್ಲದಿಂದ ಸನ್ನೆ ಮಾಡಿದಳು. ನಾಯಕನಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಅವನ ಮುಖಕ್ಕೆ ಇಲ್ಲ ಎಂದವರು ಯಾರೂ ಇರಲಿಲ್ಲ. ಈಗ ಒಂದು ಹೆಬ್ಬೆರಳು ಹಾಯಾಗಿ ಇಲ್ಲ ಎನ್ನುತ್ತಿತ್ತು. ಸೀನಪ್ಪಯ್ಯ ಅಭ್ಯಾಸಬಲದಿಂದ ತನ್ನ ಕೈಯನ್ನೂ ತೂರಿಸಹೋದ. "ಸೀನಪ್ಪಯ್ಯ, ನಿನ್ನ ಕೈ ನಿನ್ನ ಹತ್ರ ಇಟ್ಕೋ. ಇಲ್ಲಿ ಇಬ್ಬರಿಗೇ ಜಾಗ ಇಲ್ಲ" ಎಂದ ನಾಯಕ. ಸಂತೆ ಗೊಳ್ಳೆಂದಿತು.

ವ್ಯಾಪಾರ ಕುದುರಿತು. ಎಷ್ಟಕ್ಕೆ ಎಂದು ಕೇಳಬೇಡಿ, ಅದು ಅವರಿಬ್ಬರಿಗೇ ಗೊತ್ತು. ಪಟ್ಟಿಗಿಂತ ಹೆಚ್ಚು ಎನ್ನುವುದು ಗಿರಿಯವ್ವನ ಮುಖ ನೋಡಿದರೆ ತಿಳಿಯುತ್ತಿತ್ತು. ಒಳ್ಳೆಯ ಸರಕು ಸಿಕ್ಕಿತೆನ್ನುವುದು ನಾಯಕನ ಮುಖ ನೋಡಿದರೆ ತಿಳಿಯುತ್ತಿತ್ತು. ಲಾಭವೆಂದರೆ ಹಾಗೆ ಎರಡೂ ಮುಖದಲ್ಲಿ ಕಾಣಬೇಕು.

"ಹಾಗಾದರೆ ಈ ಸಂತೆಯಲ್ಲಿ ದೊರೆಗೆ ಕೆಲಸವೇ ಇಲ್ಲವೇನಮ್ಮ?" ಎಂದು ಕೇಳಿದ ನಾಯಕ.

"ಕೈತುಂಬ ಐತೆ. ದಾರಿಯಲ್ಲಿ ಕಳ್ಳರವ್ರೆ, ಹಿಡೀರಿ. ತೊಟ್ಟಿಯ ಪಾಚಿ ತೆಗೆಸಿ. ನಾನು ಮಾರಿದ ಎತ್ತು ಎಂಟು ದಿನದೊಳಗೆ ಮಲಗಿದ್ರೆ ನನ್ನನ್ನ ಎಳೆದು ತರಿಸಿ, ಹೆಂಗಸು ಅಂತ ಬಿಡಬೇಡಿ. ವಲ್ಲಿ ಒಳಗೆ ನಾವು ನೋಡ್ಕೋತೀವಿ, ಹೊರಗೆ ನೀವು ನೋಡ್ಕೊಳ್ಳಿ. ನೀವೂ ಒಳಗೇ ಬಂದ್ರೆ ನಮಗೆ ಜಗಳ ಆದಾಗ ನ್ಯಾಯ ಹೇಳೋಕೆ ಹೊರಗೆ ಯಾರವ್ರೆ?"

ನಾಯಕ ತಲೆದೂಗಿದ. "ಪಟ್ಟಿ ಈ ಕ್ಷಣದಿಂದ ರದ್ದು" ಎಂದ.

ಗುಂಪಿನಿಂದ ಕರಿಸಿದ್ದ ಕೆಮ್ಮಿದ. "ದೊರೆ, ಈ ಕ್ಷಣದಿಂದ ರದ್ದು, ಸರಿ. ವ್ಯಾಪಾರ ಆಗಿದ್ದು ಅದಕ್ಕೂ ಮುಂಚೆ. ಪಟ್ಟಿ ಮೀರಿದ್ದಕ್ಕೆ ಹೋದ ತಿಂಗಳು ನಾನು ದಂಡ ಕಟ್ಟಿದ್ದೆ."

ಎಲ್ಲರೂ ಸೀನಪ್ಪಯ್ಯನನ್ನು ನೋಡಿದರು, ಸೀನಪ್ಪಯ್ಯ ನೆಲ ನೋಡಿದ. ನಾಯಕ ತಾನೇ ಸೊಂಟದ ಚೀಲ ಬಿಚ್ಚಿ ಒಂದು ವರಹ ಸೀನಪ್ಪಯ್ಯನ ಕೈಗಿಟ್ಟ. "ಕಟ್ಟಳೆ ನನಗೂ ಒಂದೇ. ಅವಳ ದಂಡವನ್ನೂ ನಾನೇ ಕಟ್ತೀನಿ."

"ಬ್ಯಾಡಿ ಬುದ್ಧಿ" ಎಂದು ಗಿರಿಯವ್ವ ತನ್ನ ವರಹ ಮುಂದಿಟ್ಟಳು. "ನೀವು ಕಟ್ಟಿದ್ರೆ ನಾಳೆ ಜನ ನನ್ನ ದೊರೆ ಕಡೆಯೋಳು ಅಂತಾರೆ. ಅಲ್ದೆ, ನನ್ನ ದಂಡಾನೂ ಸೇರಿಸೇ ನಾನು ಬೆರಳು ಹಿಡಿದಿದ್ದೆ."

ಎಲ್ಲರಿಗಿಂತ ಜೋರಾಗಿ ನಕ್ಕವನು ಓಬಳೇಶ ನಾಯಕ. ಗಿರಿಯವ್ವ ಅದಕ್ಕೆಲ್ಲ ನಿಲ್ಲಲಿಲ್ಲ. ಬಿಸಿಲೇರುವ ಮುಂಚೆ ಒಳ್ಳೆಯ ಕರುಗಳನ್ನು ಆರಿಸಿಕೊಳ್ಳಬೇಕಿತ್ತು.

ನೀತಿ: ದಾರಿ ಕಾಯುವುದು, ಮೋಸ ಮಾಡಿದವನನ್ನು ಹಿಡಿಯುವುದು, ಜಗಳ ಬಂದಾಗ ನ್ಯಾಯ ಹೇಳುವುದು, ಎಲ್ಲರಿಗೂ ಬೇಕಾದ ನೀರು ನೆರಳು ನೋಡಿಕೊಳ್ಳುವುದು ಸರ್ಕಾರದ ಕೆಲಸ. ಒಪ್ಪಿ ಕೊಟ್ಟು ಒಪ್ಪಿ ತೆಗೆದುಕೊಳ್ಳುವ ಇಬ್ಬರ ನಡುವೆ ಕೈ ತೂರಿಸುವುದು ಅದರ ಕೆಲಸವಲ್ಲ. ತಾನು ಮಾಡಿದ ಕಟ್ಟಳೆಗೆ ತಾನೂ ತಲೆಬಾಗುವ ಸರ್ಕಾರವನ್ನೇ ಜನ ನಂಬುತ್ತಾರೆ.