ಒಂಬತ್ತನೆಯ ಗಾಡಿ

ಪಂಚಾಕ್ಷರಿ ಆಶ್ರಮಕ್ಕೆ ಬರುವುದು ಭಾನುವಾರ. ಈ ಸಲ ಮಂಗಳವಾರವೇ ಬಂದ. ಚಪ್ಪಲಿ ಬಿಡುವುದನ್ನೂ ಮರೆತು ನೇರ ಪಡಸಾಲೆಗೆ ಬಂದು ನಿಂತ.

ಅಡವಯ್ಯಜ್ಜನವರು ವರದಾ ನದಿಯ ಕಡೆ ಮುಖ ಮಾಡಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಜ್ಜಾರ, ನನ್ನನ್ನ ಕಳ್ಳ ಅಂದಳ್ರಿ."

"ಯಾರು?"

"ಫಕೀರವ್ವ. ನಮ್ಮ ಲ್ಯಾಬಿನ ಮೆಟ್ಟಿಲ ಕೆಳಗ ಹೂ ಮಾರತಾಳಲ್ಲ, ಅಕಿ. ಬಜಾರದಾಗ, ಎಲ್ಲಾರ ಮುಂದ."

"ಕಳವು ಮಾಡೀಯೇನು?"

"ಇಲ್ರಿ!"

"ಹಂಗಾರ ಗಾಬರಿ ಯಾಕ? ಹೋಗು, ಚಪ್ಪಲಿ ಹೊರಗ ಬಿಟ್ಟು ಬಾ."

ಪಂಚಾಕ್ಷರಿ ಹಾವೇರಿಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ದವಾಖಾನೆಯವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ತಕ್ಕ ಹಲ್ಲು ಕೂರಿಸಿ ಕೊಡುತ್ತಾನೆ. ಅವನ ಕೈಯಲ್ಲಿ ಮಾತ್ರ ತಪ್ಪು ಹುಡುಕುವ ಹಾಗಿಲ್ಲ. ತಲೆಯನ್ನು ರಿಪೇರಿ ಮಾಡಿಸಿಕೊಳ್ಳಲು ಆರು ವರ್ಷದಿಂದ ಅಜ್ಜನವರ ಹತ್ತಿರ ಬರುತ್ತಿದ್ದ.

ಚಪ್ಪಲಿ ಬಿಟ್ಟು ಬಂದ. ಟವೆಲ್ಲಿನಲ್ಲಿ ಸುತ್ತಿದ್ದ ಪುಟ್ಟ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ಏನದು?"

"ಗಾಡೀರಿ. ಸರದಾರ ಗಾಡಿ."

ಅಜ್ಜನವರಿಗೆ ಅದು ಗೊತ್ತಿತ್ತು. ಆಶ್ರಮದ ಬೆಕ್ಕಿಗೂ ಗೊತ್ತಿತ್ತು. ಪಂಚಾಕ್ಷರಿ ಒಂಬತ್ತು ವರ್ಷದವನಿದ್ದಾಗ 'ಘಾಟಿ ಸರದಾರ' ಅಂತ ಒಂದು ಸಿನಿಮಾ ಬಂದಿತ್ತು. ಅದು ಓಡುತ್ತದೆಂದು ನಂಬಿ ಒಂದು ಆಟಿಕೆ ಕಂಪನಿ ಅದರೊಳಗಿನ ಗಾಡಿಗಳನ್ನೆಲ್ಲ ಪುಟ್ಟದಾಗಿ ಮಾಡಿ ಮಾರಾಟಕ್ಕೆ ಬಿಟ್ಟಿತು. ಲಾರಿ, ಜೀಪು, ಕೆಂಪು ಬಸ್ಸು, ಪೊಲೀಸ್ ವ್ಯಾನು, ಹೀಗೆ ಒಂಬತ್ತು. ಸಿನಿಮಾ ಮೂರು ವಾರಕ್ಕೆ ಎತ್ತಂಗಡಿ ಆಯಿತು. ಗಾಡಿಗಳ ತಯಾರಿಕೆ ನಾಲ್ಕು ತಿಂಗಳಿಗೆ ನಿಂತಿತು.

ನಿಂತದ್ದೇ ತಡ, ಅವನ್ನು ಹುಡುಕುವ ಜನ ಹುಟ್ಟಿಕೊಂಡರು. ಪಂಚಾಕ್ಷರಿ ಅವರಲ್ಲಿ ಒಬ್ಬ. ಅವರದೊಂದು ರಿವಾಜು. ಗಾಡಿಯನ್ನು ಡಬ್ಬಿಯಿಂದ ತೆಗೆಯಬಾರದು, ನೆಲಕ್ಕೆ ತಾಗಿಸಬಾರದು, ಬರಿಗೈಯಲ್ಲಿ ಮುಟ್ಟಬಾರದು. ಗೀಚು, ಕಲೆ, ತೆಗ್ಗು ಎಲ್ಲ ಅವರ ಕಣ್ಣಿಗೆ ರೋಗ.

ಪಂಚಾಕ್ಷರಿಯ ಕಪಾಟಿನಲ್ಲಿ ಎಂಟು ಗಾಡಿ ಇದ್ದವು. ಒಂಬತ್ತನೆಯದು ಹಾಲಿನ ವ್ಯಾನು. ಸಿನಿಮಾದಲ್ಲಿ ಎರಡನೆಯ ಸೀನಿಗೇ ಅದು ಕಂದಕಕ್ಕೆ ಬೀಳುತ್ತದೆ. ಹಾಗಾಗಿ ಅದನ್ನು ಕೊಂಡವರೇ ಕಡಿಮೆ. ಊರೂರು ಅಲೆದರೂ ಅದು ಸಿಕ್ಕಿರಲಿಲ್ಲ.

"ಫಕೀರವ್ವನ ಹೂವಿನ ಬುಟ್ಟಿ ಪಕ್ಕದಾಗ ಇತ್ರಿ," ಎಂದ ಪಂಚಾಕ್ಷರಿ. "ಎರಡು ವರ್ಷ ಕೇಳಿದೆ. ಏನು ಬೇಕಾದ್ರೂ ಕೊಡತೀನಿ ಅಂದೆ. ಆಗಂಗಿಲ್ಲ ಅಂದಳು. ಕಡೀಕ ಹದಿನೈದು ದಿನಕ್ಕ ಅಂತ ಕೊಟ್ಟಳು. ಹುಬ್ಬಳ್ಳ್ಯಾಗ ನಮ್ಮ ಮಂದಿದು ಪ್ರದರ್ಶನ ಇತ್ತು. ಒಂಬತ್ತೂ ಒಂದ ಸಾಲಿನಾಗ ನಿಂತಿದ್ದು ಯಾರೂ ನೋಡಿರಲಿಲ್ರಿ, ಅಜ್ಜಾರ. ಮಂದಿ ದಂಗಾದರು."

"ಆಮ್ಯಾಲ?"

"ನಿನ್ನೆ ಹದಿನೈದು ದಿನ ಆತು. ಒಯ್ದು ಕೊಟ್ಟೆ. ಹೊಳ್ಳಿಸಿ ಮಳ್ಳಿಸಿ ನೋಡಿದಳು. 'ಇದು ನಂದಲ್ಲ' ಅಂದಳು."

ಇಷ್ಟು ಹೇಳಿ ಅವನು ತಲೆ ಬಗ್ಗಿಸಿದ. ಈಗ ಅಜ್ಜನವರು ಆಸೆ ಬಿಡು ಅನ್ನುತ್ತಾರೆ, ತಾನು ಹೂಂ ಅನ್ನಬೇಕು, ಆಮೇಲೆ ಊಟಕ್ಕೆ ಏಳಬೇಕು ಎಂದು ಅವನ ಅಂದಾಜು. ಆರು ವರ್ಷದಿಂದ ಹಾಗೇ ನಡೆದಿತ್ತು.

ಅಜ್ಜನವರು ಆಸೆಯ ಸುದ್ದಿಗೇ ಹೋಗಲಿಲ್ಲ.

"ಅಕಿದು ಹೌದಲ್ಲ ಅದು?"

"ದೇವರಾಣೆಗೂ ಅಕೀದ ರಿ."

"ಮತ್ತ ಅಕಿಗೆ ಗುರ್ತು ಯಾಕ ಹತ್ತಲಿಲ್ಲ? ಏನು ಮಾಡಿದಿ ಅದಕ್ಕ?"

"ಉಪಕಾರ ಮಾಡಿದೆನ್ರಿ. ನಂಬಿ ಕೊಟ್ಟಾಳ, ಹಂಗ ಹೆಂಗ ತಿರುಗಿ ಕೊಡೂದು ಅಂತ ಹೊಸಾದರಂಗ ಮಾಡಿದೆ. ತುಕ್ಕು ತೆಗದೆ. ಹೂವಿನ ಕಲೆ ತೊಳದೆ. ಸಿನಿಮಾದಾಗ ಇದ್ದಂಗ ನೀಲಿ ಪಟ್ಟಿ ಎಳದೆ. ಹಾಲಿನ ಟ್ಯಾಂಕಿ ಪ್ಲಾಸ್ಟಿಕ್ಕಿಂದು ನೋಡ್ರಿ, ಅದರ ಮ್ಯಾಲ ಹಲ್ಲಿನ ಗುರ್ತಿದ್ದುವು. ಕೂಸು ಕಚ್ಚಿ ಕಚ್ಚಿ ತೆಗ್ಗು ಬಿದ್ದಿತ್ತು. ಮೊದಲ ಎಲ್ಲಾ ಉಜ್ಜಿ ತೆಗದೆ. ಆಮ್ಯಾಲ ಹಲ್ಲಿನ ಸೆಟ್ಟಿಗೆ ಹಾಕೋ ಪುಡಿ ಕಲಸಿ ತುಂಬಿ ಪಾಲಿಶ್ ಹೊಡದೆ. ಎಲ್ಲಿ ಕಚ್ಚಿತ್ತು ಅಂತ ಈಗ ನನಗೂ ಗೊತ್ತಾಗಂಗಿಲ್ಲ."

ಹೇಳುವಾಗ ದನಿಯಲ್ಲಿ ಅಳುವಿತ್ತು. ಅಳುವಿನ ನಡುವೆ ಕಸುಬುದಾರನ ಹೆಮ್ಮೆಯೂ ಇಣುಕುತ್ತಿತ್ತು.

"ಯಾವ ಕೂಸು?" ಅಜ್ಜನವರು ಕೇಳಿದರು.

"ಅಕಿ ಮಗಳು. ಶಿವಲೀಲಾ ಅಂತ. ನಾಲ್ಕು ವರ್ಷದಾಕಿ ಇದ್ದಾಗ ಜ್ವರ ಬಂದು ತೀರಿಕೊಂಡಳಂತ. ಭಾಳ ಹಿಂದಿನ ಮಾತ್ರಿ ಅದು."

ಅಜ್ಜನವರ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಆರು ವರ್ಷದಲ್ಲಿ ಪಂಚಾಕ್ಷರಿ ಆ ಮುಖವನ್ನು ಹೀಗೆ ನೋಡಿರಲಿಲ್ಲ. ಹೊಳೆಗೆ ನೀರು ಬಂದು ಗೋಶಾಲೆ ಕೊಚ್ಚಿಹೋದಾಗಲೂ ಅಜ್ಜನವರು ಊಟ ಬಿಟ್ಟು ಎದ್ದವರಲ್ಲ. ಅವನಿಗೆ ಭಯವಾಯಿತು.

"ಅಜ್ಜಾರ?"

"ಆ ಹಲ್ಲು ಯಾರವು ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ರಿ," ಎಂದ ಪಂಚಾಕ್ಷರಿ.

ಅಂದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಹೊಳೆಯ ಆಚೆ ಯಾರೋ ಬಟ್ಟೆ ಒಗೆಯುತ್ತಿದ್ದರು.

ಆಮೇಲೆ ಅವನಿಗೆ ಒಂದು ದಾರಿ ಹೊಳೆಯಿತು. ಕೈ ಚೆನ್ನಾಗಿರುವವರಿಗೆ ದಾರಿ ಬೇಗ ಹೊಳೆಯುತ್ತದೆ, ಅದೇ ಅವರ ಕಷ್ಟ.

"ಮಾಡಬಹುದ್ರಿ!" ಎಂದ. "ಉಜ್ಜೂಕಿಂತ ಮೊದಲ ನಾಲ್ಕೂ ಕಡಿಂದ ಫೋಟೋ ತೆಗದೀನಿ. ಲ್ಯಾಬಿನಾಗ ಸಣ್ಣ ಹುಡುಗರ ಹಲ್ಲಿನ ಅಚ್ಚು ಅದಾವು. ಟ್ಯಾಂಕಿ ಬಿಸಿ ಮಾಡಿ, ಫೋಟೋದಾಗ ಎಲ್ಲೆಲ್ಲಿ ಅದಾವು ನೋಡಿ, ಅಲ್ಲಲ್ಲೇ ಒತ್ತಿಬಿಡತೀನಿ. ಎರಡು ದಿನದ ಕೆಲಸ. ಅಕಿಗೆ ಗೊತ್ತ ಆಗಂಗಿಲ್ಲ."

"ಯಾರ ಹಲ್ಲು?"

"ಅದ ವಯಸ್ಸಿನ ಯಾವುದರ ಒಂದು ಕೂಸಿಂದು…"

"ಯಾರ ಹಲ್ಲೋ?"

ಪಂಚಾಕ್ಷರಿ ಮಡಿಲಿನ ಟವೆಲ್ಲನ್ನು ಮತ್ತೊಮ್ಮೆ ಸುತ್ತಿದ.

ಅಷ್ಟು ಹೊತ್ತಿಗೆ ಫಕೀರವ್ವ ಬಂದಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಅರವತ್ತರ ಹತ್ತಿರದ ಹೆಂಗಸು. ಪಂಚಾಕ್ಷರಿಯ ಕಡೆ ನೋಡದೆ ಅಜ್ಜನವರಿಗೆ ಕೈ ಮುಗಿದಳು.

"ಅಜ್ಜಾರ, ನಿಮ್ಮ ಶಿಷ್ಯಾ ಅಂತ ನಂಬಿ ಕೊಟ್ಟೆ. ನಂದು ತನ್ನ ಮನ್ಯಾಗ ಇಟಗೊಂಡು ಬ್ಯಾರೇದು ತಂದು ಕೊಟ್ಟಾನ."

"ಕುಂದ್ರವ್ವಾ. ನೀರು ಕುಡಿ."

"ನೀರು ಬ್ಯಾಡ್ರಿ. ನಂದು ನನಗ ಕೊಡಸ್ರಿ. ಅಂವಗ ಹೊಸಾದು ಬೇಕಿದ್ರ ಇದನ್ನ ಇಟಗೊಳ್ಳಲಿ. ಬಜಾರದಾಗ ಬೈದಿದ್ದು ತಪ್ಪಾತು, ನಾಲ್ಕು ಮಂದಿ ಮುಂದನ ಅದನ್ನೂ ಹೇಳತೀನಿ. ಒಟ್ಟ ನನ್ನ ಗಾಡಿ ಬರಲಿ."

"ಯಾಕವ್ವಾ, ಅದರಾಗ ಏನೈತಿ?"

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಕಿದು ಒಂದೂ ಫೋಟೋ ಇಲ್ರಿ. ಮುಂದಿನ ವರ್ಷ ಸಾಲಿಗೆ ಹಾಕೂದೈತಿ, ಆವಾಗ ತೆಗಸಿದ್ರಾತು ಅಂತಿದ್ರು ನಮ್ಮವರು. ಈಗ ಅಕಿ ಮಾರಿ ನೆನಪ ಮಾಡಕೊಂಡ್ರ ಒಮ್ಮೊಮ್ಮೆ ಅಕ್ಕನ ಮಗಳ ಮಾರಿ ಬರತೈತಿ. ಆವಾಗ ಆ ಗಾಡಿ ಮ್ಯಾಲ ಬೆರಳು ಆಡಸ್ತೀನಿ. ಮುಂದಿನ ಎರಡು ಹಲ್ಲಿನ ನಡುವ ಸಂದಿ ಇತ್ತು ಅಕಿಗೆ. ಆ ಸಂದಿ ಸಿಕ್ಕ ಕೂಡಲೆ ಮಾರಿ ಬರತೈತ್ರಿ."

ಪಂಚಾಕ್ಷರಿ ಕಂಬಕ್ಕೆ ಒರಗಿದ. ಏನಾದರೂ ಹೇಳಬೇಕು ಅನ್ನಿಸಿತು.

"ಅವ್ವಾ, ಇದ… ಇದ ನಿಮ್ಮದು," ಎಂದ ಕಡೆಗೆ.

"ಸುಳ್ಳ ಹೇಳಬ್ಯಾಡ. ನಂದು ನನಗ ಗೊತ್ತಿಲ್ಲೇನು?"

"ಖರೇನ ಅವ್ವಾ."

"ಹಂಗಾರ ನಿನ್ನ ಕಪಾಟು ತೆಗದು ತೋರಸು!"

ಅಜ್ಜನವರು ಕೈ ಚಾಚಿದರು. "ಆ ಗಾಡಿ ಕೊಡಿಲ್ಲಿ."

ಪಂಚಾಕ್ಷರಿ ಟವೆಲ್ಲು ಬಿಚ್ಚಿ ಕೊಟ್ಟ. ವ್ಯಾನು ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಫಳಫಳ ಹೊಳೆಯಿತು. ಅಜ್ಜನವರು ಅದನ್ನು ಕಲ್ಲಿನ ನೆಲದ ಮೇಲೆ ಇಟ್ಟು, ಹಿಂದಕ್ಕೆ ಎಳೆದು, ಮುಂದಕ್ಕೆ ನೂಕಲು ಹೊರಟರು.

"ಅಜ್ಜಾರ, ಬ್ಯಾಡ್ರಿ! ಬಣ್ಣ ಕಿತ್ತ ಹೋಗತೈತಿ!"

ಕೂಗಿದ ಮೇಲೆ ಪಂಚಾಕ್ಷರಿಗೆ ನಾಚಿಕೆಯಾಯಿತು. ಇಂಥ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಬಣ್ಣವೇ.

"ನೀ ಇದನ್ನ ಒಮ್ಮೆನೂ ಓಡಿಸಿಲ್ಲೇನು?" ಅಜ್ಜನವರು ಕೇಳಿದರು.

"ನಾವು ಓಡಸಂಗಿಲ್ರಿ. ನೋಡೂದಷ್ಟ."

ಅಜ್ಜನವರು ನೂಕಿದರು.

ವ್ಯಾನು ಎರಡು ಮೊಳ ನೆಟ್ಟಗೆ ಹೋಯಿತು. ಆಮೇಲೆ ಎಡಕ್ಕೆ ಹೊರಳಿ, ಇನ್ನೂ ಹೊರಳಿ, ಅಜ್ಜನವರು ಸುಲಿದಿಟ್ಟ ಕಾಳಿನ ಬುಟ್ಟಿಗೆ ಹೋಗಿ ಬಡಿಯಿತು.

ಫಕೀರವ್ವ ಎರಡು ಹೆಜ್ಜೆ ಮುಂದೆ ಬಂದಳು.

"ಇನ್ನೊಮ್ಮೆ ಬಿಡ್ರಿ," ಎಂದಳು. ದನಿ ಬದಲಾಗಿತ್ತು.

ಅಜ್ಜನವರು ಇನ್ನೊಮ್ಮೆ ಬಿಟ್ಟರು. ಮತ್ತೆ ಎಡಕ್ಕೆ.

"ಅಕಿ ಇದರ ಮ್ಯಾಲ ಕುಂತಿದ್ದಳು," ಎಂದಳು ಫಕೀರವ್ವ. "ಹತ್ತಿ ಕುಂತು ಹಾವೇರಿಗೆ ಹೊಂಟೀನಿ ಅಂದಳು. ಅವತ್ತ ಗಾಲಿ ಸೊಟ್ಟಾತು. ಬಿಟ್ಟಾಗೆಲ್ಲ ಒಲಿ ಕಡೆನ ಹೋಗತಿತ್ತು. 'ಯವ್ವಾ, ಇದಕ ಹಸಿವ್ಯಾಗೈತಿ ನೋಡು' ಅಂತ ನಗತಿದ್ದಳು…"

ಅವಳ ಮುಖದ ಮೇಲೆ ನಗು ಬಂತು. ಬಂದದ್ದು ಅಲ್ಲೇ ನಿಂತಿತು.

ಬಗ್ಗಿ ವ್ಯಾನನ್ನು ಎತ್ತಿಕೊಂಡಳು. ಟ್ಯಾಂಕಿಯ ಮೇಲೆ ಹೆಬ್ಬೆರಳು ಆಡಿಸಿದಳು. ಈ ತುದಿಯಿಂದ ಆ ತುದಿಗೆ, ಮತ್ತೆ ಹಿಂದಕ್ಕೆ. ಬೆರಳು ಎಲ್ಲೂ ನಿಲ್ಲಲಿಲ್ಲ.

"ಹಂಗಾರ ಇದ ನಂದು."

"ಹೌದವ್ವಾ," ಎಂದ ಪಂಚಾಕ್ಷರಿ.

"ಹಂಗಾರ ಹಲ್ಲು?"

ಪಂಚಾಕ್ಷರಿ ನೆಲ ನೋಡಿದ.

"ಹಲ್ಲು ಎಲ್ಲಪ್ಪಾ?"

"ತುಂಬಿಬಿಟ್ಟೆ. ಚಂದ ಕಾಣಲಿ ಅಂತ."

"ತುಂಬಿದ್ದು ತೆಗ್ಯಾಕ ಬರತೈತೇನು?"

"ಬರಂಗಿಲ್ಲವ್ವಾ. ಮೊದಲ ಉಜ್ಜಿ ತೆಗದೀನಿ."

ಫಕೀರವ್ವ ಅವನನ್ನು ನೋಡುತ್ತ ನಿಂತಳು. ಬೈಯಲಿಲ್ಲ, ಅಳಲಿಲ್ಲ. ಬೈಗುಳಕ್ಕೆ ತಯಾರಾಗಿ ಬಂದವಳ ಬಾಯಲ್ಲಿ ಬೈಗುಳವೇ ಉಳಿದಿರಲಿಲ್ಲ. ಈ ಮನುಷ್ಯನ ಮನೆಯ ಯಾವುದೋ ಕಪಾಟಿನಲ್ಲಿ ತನ್ನ ಗಾಡಿ ಇನ್ನೂ ಇದೆ ಎಂಬ ಸಿಟ್ಟಿನಲ್ಲಿ ಅವಳು ಒಂದು ರಾತ್ರಿ ಕಳೆದಿದ್ದಳು. ಆ ಸಿಟ್ಟೂ ಈಗ ಅವಳ ಪಾಲಿಗೆ ಇಲ್ಲವಾಯಿತು.

ವ್ಯಾನನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಅಜ್ಜನವರಿಗೆ ಕೈ ಮುಗಿಯಲು ಹೋಗಿ, ಕೈ ಅರ್ಧಕ್ಕೇ ಇಳಿಸಿ, ಮೆಟ್ಟಿಲಿಳಿದು ನಡೆದಳು.

ಪಂಚಾಕ್ಷರಿ ಅವಳು ಹೋದ ದಾರಿಯನ್ನೇ ನೋಡುತ್ತಿದ್ದ. ಅವಳು ತಿರುವು ದಾಟಿ ಮರೆಯಾದ ಮೇಲೆ ಅಜ್ಜನವರ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಮುಳುಗುವವನಿಗೆ ಒಂದು ಕಡ್ಡಿ ಬೇಕಿತ್ತು.

"ಅಜ್ಜಾರ," ಎಂದ, "ನಾ ಕಳ್ಳ ಅಲ್ಲ ಅನ್ನೂದರ ಅಕಿಗೆ ಗೊತ್ತಾತಲ್ರಿ."

ಅಜ್ಜನವರು ಅವನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ಕಳ್ಳ ಆಗಿದ್ರ ಚಲೋ ಇತ್ತಪ್ಪಾ. ತಿರುಗಿ ಕೊಡಾಕ ಬರತಿತ್ತು."